2010ರ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್ ಲಂಡನ್ ಬರೋ ಕೌನ್ಸಿಲ್ ಚುನಾವಣೆ

2010ರ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್ ಲಂಡನ್ ಬರೋ ಕೌನ್ಸಿಲ್ ಚುನಾವಣೆಯು ಇಂಗ್ಲೆಂಡಿನ ರಾಜಧಾನಿ ಲಂಡನ್ನಿನ ಪೂರ್ವ ಹೊರವಲಯದಲ್ಲಿರುವ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್ ಬರೋದ ಸ್ಥಳೀಯ ಆಡಳಿತ ಮಂಡಳಿಗೆ 2010ರ ಮೇ 6ರಂದು ನಡೆದ ಚುನಾವಣೆಯಾಗಿದೆ. ಕೌನ್ಸಿಲಿನ ಎಲ್ಲ 51 ಸ್ಥಾನಗಳಿಗೂ ಮತದಾನ ನಡೆಯಿತು. ಲೇಬರ್ ಪಕ್ಷವು 51 ಸ್ಥಾನಗಳನ್ನೂ ಗೆದ್ದುಕೊಂಡಿತು. 2006ರ ಚುನಾವಣೆಯಲ್ಲಿ 12 ಸ್ಥಾನಗಳನ್ನು ಗಳಿಸಿ ಅಧಿಕೃತ ವಿರೋಧ ಪಕ್ಷವಾಗಿದ್ದ ತೀವ್ರ ಬಲಪಂಥೀಯ ಬ್ರಿಟಿಷ್ ನ್ಯಾಷನಲ್ ಪಾರ್ಟಿ (ಬಿಎನ್‌ಪಿ) ಒಂದು ಸ್ಥಾನವನ್ನೂ ಉಳಿಸಿಕೊಳ್ಳಲಿಲ್ಲ. ಬ್ರಿಟನ್ನಿನ ಸಂಸತ್ತಿನ ಸಾರ್ವತ್ರಿಕ ಚುನಾವಣೆಯೂ ಅದೇ ದಿನ ನಡೆಯಿತು. ಬಿಎನ್‌ಪಿಯ ನಾಯಕ ನಿಕ್ ಗ್ರಿಫಿನ್ ಬಾರ್ಕಿಂಗ್ ಲೋಕಸಭಾ ಕ್ಷೇತ್ರದಿಂದ, ಅಂದರೆ ಹೌಸ್ ಆಫ್ ಕಾಮನ್ಸ್‌ಗೆ, ಸ್ಪರ್ಧಿಸಿದ್ದುದರಿಂದ ಈ ಸ್ಥಳೀಯ ಚುನಾವಣೆಯು ರಾಷ್ಟ್ರಮಟ್ಟದ ಗಮನ ಸೆಳೆಯಿತು.

ಬರೋದ ಪರಿಚಯ

ಗ್ರೇಟರ್ ಲಂಡನ್ ಪ್ರದೇಶವು 32 ಬರೋಗಳಾಗಿಯೂ ಸಿಟಿ ಆಫ್ ಲಂಡನ್ ಎಂಬ ಪ್ರತ್ಯೇಕ ಘಟಕವಾಗಿಯೂ ವಿಂಗಡಿತವಾಗಿದೆ. 1963ರ ಲಂಡನ್ ಸರ್ಕಾರ ಕಾಯಿದೆಯ ಅನ್ವಯ ಈ ಬರೋಗಳು 1965ರಲ್ಲಿ ಅಸ್ತಿತ್ವಕ್ಕೆ ಬಂದವು. ಪ್ರಸ್ತುತ ಬರೋವನ್ನು ಆರಂಭದಲ್ಲಿ ಬಾರ್ಕಿಂಗ್ ಎಂದಷ್ಟೇ ಕರೆಯಲಾಗುತ್ತಿತ್ತು. 1980ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಶಾಲೆಗಳು, ವಸತಿ, ವೃದ್ಧರ ಮತ್ತು ಮಕ್ಕಳ ಆರೈಕೆ, ಕಟ್ಟಡ ಪರವಾನಗಿ, ಗ್ರಂಥಾಲಯ, ಕಸ ವಿಲೇವಾರಿ ಮುಂತಾದವು ಬರೋ ಕೌನ್ಸಿಲಿನ ಹೊಣೆಗಳಾಗಿವೆ.

ಈ ಬರೋದ ಸ್ವರೂಪವನ್ನು ನಿರ್ಧರಿಸಿದವು ಮುಖ್ಯವಾಗಿ ಎರಡು ಸಂಗತಿಗಳು. ಮೊದಲನೆಯದು ಬೆಕಂಟ್ರಿ ವಸತಿ ಬಡಾವಣೆ. ಮೊದಲನೆಯ ಮಹಾಯುದ್ಧದ ನಂತರ ಲಂಡನ್ನಿನ ಪೂರ್ವ ಭಾಗದ ಇಕ್ಕಟ್ಟಾದ ಕೇರಿಗಳಲ್ಲಿದ್ದ ಕಾರ್ಮಿಕ ಕುಟುಂಬಗಳಿಗಾಗಿ ಲಂಡನ್ ಕೌಂಟಿ ಕೌನ್ಸಿಲು 1921ರಿಂದ 1935ರ ಅವಧಿಯಲ್ಲಿ ಇಲ್ಲಿ ಸುಮಾರು 26,000 ಮನೆಗಳನ್ನು ಕಟ್ಟಿಸಿತು. ಮನೆಯೊಳಗೇ ಶೌಚಾಲಯ ಮತ್ತು ಮನೆಗೊಂದು ಕೈತೋಟವಿದ್ದ ಈ ಬಡಾವಣೆಯು ಜಗತ್ತಿನಲ್ಲಿಯೇ ಅತ್ಯಂತ ದೊಡ್ಡ ಸಾರ್ವಜನಿಕ ವಸತಿ ಯೋಜನೆಗಳಲ್ಲಿ ಒಂದೆಂದು ಹೆಸರಾಯಿತು. ಎರಡನೆಯದು, 1931ರಲ್ಲಿ ಡಾಗೆನ್‌ಹ್ಯಾಮ್‌ನಲ್ಲಿ ಆರಂಭವಾದ ಫೋರ್ಡ್ ಮೋಟಾರು ಕಾರ್ಖಾನೆ. 1950ರ ದಶಕದಲ್ಲಿ ಅಲ್ಲಿ ಸುಮಾರು 40,000 ಮಂದಿ ದುಡಿಯುತ್ತಿದ್ದರು. ಕಾರ್ಖಾನೆಯ ಹೊಲಿಗೆ ವಿಭಾಗದ ಮಹಿಳೆಯರು 1968ರಲ್ಲಿ ನಡೆಸಿದ ಮುಷ್ಕರವು 1970ರ ಸಮಾನ ವೇತನ ಕಾಯಿದೆಗೆ ಪ್ರೇರಣೆಯಾಯಿತು. ಕಾರ್ಮಿಕರೂ ಸಂಘಟಿತ ಕಾರ್ಮಿಕ ಸಂಘಗಳೂ ಇದ್ದ ಈ ಪ್ರದೇಶವು ದಶಕಗಳ ಕಾಲ ಲೇಬರ್ ಪಕ್ಷದ ಭದ್ರನೆಲೆಯಾಗಿತ್ತು.

ಹಿನ್ನೆಲೆ

ವಸತಿ ಮತ್ತು ಉದ್ಯೋಗ

1980ರ ವಸತಿ ಕಾಯಿದೆಯು ಕೌನ್ಸಿಲ್ ಮನೆಗಳಲ್ಲಿ ಬಾಡಿಗೆಗೆ ಇದ್ದವರಿಗೆ ಆ ಮನೆಗಳನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು ನೀಡಿತು. ಬೆಕಂಟ್ರಿಯ ಸಾವಿರಾರು ಮನೆಗಳು ಹೀಗೆ ಖಾಸಗಿ ಒಡೆತನಕ್ಕೆ ಹೋದವು. ಮಾರಾಟವಾದ ಮನೆಗಳಿಗೆ ಬದಲಾಗಿ ಹೊಸ ಮನೆಗಳು ಅದೇ ಪ್ರಮಾಣದಲ್ಲಿ ನಿರ್ಮಾಣವಾಗಲಿಲ್ಲ. ತಂದೆತಾಯಿಯರು ಕೌನ್ಸಿಲ್ ಮನೆಯಲ್ಲಿ ಬಾಳಿದ್ದ ಊರಿನಲ್ಲಿ ಮಕ್ಕಳು ಅಂಥದೇ ಮನೆಗಾಗಿ ವರ್ಷಗಟ್ಟಲೆ ಕಾಯಬೇಕಾದ ಪರಿಸ್ಥಿತಿ ಉಂಟಾಯಿತು. ಫೋರ್ಡ್ ಕಾರ್ಖಾನೆಯಲ್ಲಿ ಉದ್ಯೋಗಗಳು ಕ್ರಮೇಣ ಕಡಿಮೆಯಾಗಿ, 2002ರಲ್ಲಿ ಕಾರುಗಳ ಜೋಡಣೆಯೇ ನಿಂತುಹೋಯಿತು. ಎಂಜಿನ್ ತಯಾರಿಕೆ ಮಾತ್ರ ಮುಂದುವರಿಯಿತು.

ಇದೇ ಅವಧಿಯಲ್ಲಿ ಬರೋದ ಜನಸಂಖ್ಯೆಯ ಸ್ವರೂಪವೂ ವೇಗವಾಗಿ ಬದಲಾಯಿತು. ಲಂಡನ್ನಿನಲ್ಲಿಯೇ ಅತಿ ಕಡಿಮೆ ಬೆಲೆಗೆ ಮನೆಗಳು ದೊರೆಯುತ್ತಿದ್ದ ಬರೋ ಇದಾಗಿದ್ದುದರಿಂದ ನಗರದ ಇತರ ಭಾಗಗಳಿಂದಲೂ ಹೊರದೇಶಗಳಿಂದಲೂ ಜನರು ಇಲ್ಲಿಗೆ ಬಂದು ನೆಲೆಸಿದರು. ಮಾರಾಟವಾದ ಹಳೆಯ ಕೌನ್ಸಿಲ್ ಮನೆಗಳಲ್ಲಿ ಅನೇಕವು ಖಾಸಗಿ ಬಾಡಿಗೆ ಮನೆಗಳಾದವು. 2001ರ ಜನಗಣತಿಯಲ್ಲಿ 1,63,944 ಇದ್ದ ಜನಸಂಖ್ಯೆ 2011ರಲ್ಲಿ 1,85,911ಕ್ಕೆ ಏರಿತು. ತಮ್ಮನ್ನು ಬಿಳಿಯ ಬ್ರಿಟಿಷರು ಎಂದು ಗುರುತಿಸಿಕೊಂಡವರ ಪ್ರಮಾಣ ಇದೇ ಹತ್ತು ವರ್ಷಗಳಲ್ಲಿ ಶೇಕಡಾ 80.9ರಿಂದ ಶೇಕಡಾ 49.5ಕ್ಕೆ ಇಳಿಯಿತು. ಮನೆಗಳ ಕೊರತೆಗೆ ಮುಖ್ಯ ಕಾರಣ ಮಾರಾಟ ಮತ್ತು ನಿರ್ಮಾಣದ ಸ್ಥಗಿತವಾಗಿದ್ದರೂ, ಜನರ ಕಣ್ಣಿಗೆ ನೇರವಾಗಿ ಕಾಣುತ್ತಿದ್ದುದು ಪಕ್ಕದ ಮನೆಗೆ ಬಂದ ಹೊಸಬರು. ಬಿಎನ್‌ಪಿಯ ಪ್ರಚಾರವು ಈ ಅಂತರವನ್ನೇ ಬಳಸಿಕೊಂಡಿತು.

ಬಿಎನ್‌ಪಿಯ ಬೆಳವಣಿಗೆ

ಬಿಎನ್‌ಪಿಯನ್ನು 1982ರಲ್ಲಿ ಜಾನ್ ಟಿಂಡಾಲ್ ಸ್ಥಾಪಿಸಿದರು. 1999ರಲ್ಲಿ ನಿಕ್ ಗ್ರಿಫಿನ್ ಅದರ ನಾಯಕರಾದರು. 1993ರಲ್ಲಿ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಬರೋದ ಮಿಲ್‌ವಾಲ್ ವಾರ್ಡಿನ ಉಪಚುನಾವಣೆಯಲ್ಲಿ ಪಕ್ಷವು ತನ್ನ ಮೊದಲ ಕೌನ್ಸಿಲ್ ಸ್ಥಾನವನ್ನು ಗೆದ್ದು, ಮರುವರ್ಷವೇ ಅದನ್ನು ಕಳೆದುಕೊಂಡಿತ್ತು. ಅಲ್ಲಿಯೂ ವಿವಾದದ ವಿಷಯ ಮನೆಗಳ ಹಂಚಿಕೆಯೇ ಆಗಿತ್ತು. 2004ರ ಸೆಪ್ಟೆಂಬರಿನಲ್ಲಿ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್‌ನ ಗೋರ್ಸ್‌ಬ್ರೂಕ್ ವಾರ್ಡಿನ ಉಪಚುನಾವಣೆಯಲ್ಲಿ ಪಕ್ಷವು ಜಯಗಳಿಸಿತು. 2005ರ ಸಂಸತ್ ಚುನಾವಣೆಯಲ್ಲಿ ಬಾರ್ಕಿಂಗ್ ಕ್ಷೇತ್ರದ ಬಿಎನ್‌ಪಿ ಅಭ್ಯರ್ಥಿ ರಿಚರ್ಡ್ ಬಾರ್ನ್‌ಬ್ರೂಕ್ 4,916 ಮತಗಳನ್ನು ಪಡೆದರು. ಎರಡನೆಯ ಸ್ಥಾನದಲ್ಲಿದ್ದ ಕನ್ಸರ್ವೇಟಿವ್ ಅಭ್ಯರ್ಥಿಗಿಂತ ಅವರು ಹಿಂದುಳಿದದ್ದು ಕೇವಲ 27 ಮತಗಳಿಂದ.

2006ರ ಕೌನ್ಸಿಲ್ ಚುನಾವಣೆಗೆ ಮುನ್ನ, ಬಾರ್ಕಿಂಗ್‌ನ ಸಂಸದೆಯೂ ಸಚಿವೆಯೂ ಆಗಿದ್ದ ಲೇಬರ್ ಪಕ್ಷದ ಮಾರ್ಗರೆಟ್ ಹಾಜ್ ಅವರು ತಮ್ಮ ಕ್ಷೇತ್ರದ ಹತ್ತರಲ್ಲಿ ಎಂಟು ಬಿಳಿಯ ಕುಟುಂಬಗಳು ಬಿಎನ್‌ಪಿಗೆ ಮತ ನೀಡುವ ಯೋಚನೆಯಲ್ಲಿರುವುದಾಗಿ ತಮಗೆ ಹೇಳಿದ್ದಾರೆ ಎಂದು ಪತ್ರಿಕೆಯೊಂದಕ್ಕೆ ತಿಳಿಸಿದರು. ಈ ಮಾತು ಬಿಎನ್‌ಪಿಗೆ ಅನಗತ್ಯ ಪ್ರಚಾರ ದೊರಕಿಸಿತೆಂದು ಅವರ ಪಕ್ಷದವರೇ ಟೀಕಿಸಿದರು. ಆ ಚುನಾವಣೆಯಲ್ಲಿ ಲೇಬರ್ ಪಕ್ಷ 38, ಬಿಎನ್‌ಪಿ 12 ಮತ್ತು ಕನ್ಸರ್ವೇಟಿವ್ ಪಕ್ಷ 1 ಸ್ಥಾನ ಪಡೆದವು. ಬಿಎನ್‌ಪಿ ಕಣಕ್ಕಿಳಿಸಿದ್ದುದು 13 ಅಭ್ಯರ್ಥಿಗಳನ್ನು ಮಾತ್ರ.

2008ರಲ್ಲಿ ಬಾರ್ನ್‌ಬ್ರೂಕ್ ಲಂಡನ್ ಅಸೆಂಬ್ಲಿಗೆ ಆಯ್ಕೆಯಾದರು. 2009ರಲ್ಲಿ ನಿಕ್ ಗ್ರಿಫಿನ್ ಮತ್ತು ಆಂಡ್ರ್ಯೂ ಬ್ರಾನ್ಸ್ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾದರು. ಅದೇ ವರ್ಷ, ಬರೋದಲ್ಲಿ ನಡೆಯದೇ ಇದ್ದ ಕೊಲೆಗಳು ನಡೆದಿವೆಯೆಂದು ವೀಡಿಯೊವೊಂದರಲ್ಲಿ ಹೇಳಿದ್ದಕ್ಕಾಗಿ ಬಾರ್ನ್‌ಬ್ರೂಕ್ ಅವರನ್ನು ಕೌನ್ಸಿಲಿನಿಂದ ಒಂದು ತಿಂಗಳ ಕಾಲ ಅಮಾನತುಗೊಳಿಸಲಾಯಿತು.

ಚುನಾವಣಾ ಪದ್ಧತಿ

ಬರೋವನ್ನು 17 ವಾರ್ಡುಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ವಾರ್ಡಿನಿಂದ ಮೂವರು ಕೌನ್ಸಿಲರುಗಳು ನಾಲ್ಕು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಿದ್ದರು. ಬಹುಮತಕ್ಕೆ 26 ಸ್ಥಾನಗಳು ಅಗತ್ಯವಾಗಿದ್ದವು. ಪ್ರತಿ ಮತದಾರನು ಗರಿಷ್ಠ ಮೂವರು ಅಭ್ಯರ್ಥಿಗಳಿಗೆ ಮತ ನೀಡಬಹುದಾಗಿತ್ತು. ಅತಿ ಹೆಚ್ಚು ಮತ ಪಡೆದ ಮೊದಲ ಮೂವರು ಆಯ್ಕೆಯಾದರೆಂದು ಘೋಷಿಸಲಾಗುತ್ತಿತ್ತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿಯೂ ಒಂದೇ ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗುವ ಪದ್ಧತಿಯಿದೆ. ಆದರೆ ಅಲ್ಲಿ ಪಕ್ಷದ ಚಿಹ್ನೆಗಳು ಇರುವುದಿಲ್ಲ. ಲಂಡನ್ನಿನಲ್ಲಿ ಪಕ್ಷಗಳೇ ಸ್ಪರ್ಧಿಸುವುದರಿಂದ ಬಹುತೇಕ ಮತದಾರರು ತಮ್ಮ ಮೂರು ಮತಗಳನ್ನೂ ಒಂದೇ ಪಕ್ಷಕ್ಕೆ ನೀಡುತ್ತಾರೆ. ಇದರಿಂದ ವಾರ್ಡಿನಲ್ಲಿ ಮುನ್ನಡೆ ಸಾಧಿಸಿದ ಪಕ್ಷವು ಸಾಮಾನ್ಯವಾಗಿ ಮೂರು ಸ್ಥಾನಗಳನ್ನೂ ಪಡೆಯುತ್ತದೆ.

ಸ್ಥಳೀಯ ಚುನಾವಣೆಯಲ್ಲಿ ಮತದಾನದ ಹಕ್ಕು ಬ್ರಿಟಿಷ್ ಪ್ರಜೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಬರೋದಲ್ಲಿ ನೆಲೆಸಿದ್ದ ಐರ್ಲೆಂಡ್, ಯುರೋಪಿಯನ್ ಒಕ್ಕೂಟ ಮತ್ತು ಕಾಮನ್‌ವೆಲ್ತ್ ರಾಷ್ಟ್ರಗಳ ಅರ್ಹ ಪ್ರಜೆಗಳೂ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಬಹುದಾಗಿತ್ತು. ಕಾನೂನುಬದ್ಧವಾಗಿ ಅಲ್ಲಿ ವಾಸವಾಗಿದ್ದ ಭಾರತ, ನೈಜೀರಿಯಾ, ಪಾಕಿಸ್ತಾನ, ಬಾಂಗ್ಲಾದೇಶಗಳ ಪ್ರಜೆಗಳಿಗೂ ಈ ಹಕ್ಕು ಇತ್ತು.

ಪ್ರಚಾರ

ಬಿಎನ್‌ಪಿಯು ಈ ಬಾರಿ ಹಿಂದಿಗಿಂತ ಹೆಚ್ಚು ಅಭ್ಯರ್ಥಿಗಳನ್ನು ನಿಲ್ಲಿಸಿ ಕೌನ್ಸಿಲಿನ ಅಧಿಕಾರ ಹಿಡಿಯುವ ಉದ್ದೇಶವನ್ನು ಪ್ರಕಟಿಸಿತು. ಅಧಿಕಾರ ದೊರೆತಿದ್ದರೆ ಬ್ರಿಟನ್ನಿನಲ್ಲಿ ಆ ಪಕ್ಷದ ಆಡಳಿತಕ್ಕೆ ಒಳಪಟ್ಟ ಮೊದಲ ಕೌನ್ಸಿಲು ಇದಾಗುತ್ತಿತ್ತು. ಮನೆಗಳ ಹಂಚಿಕೆಯಲ್ಲಿ ಹಳೆಯ ನಿವಾಸಿಗಳಿಗೆ ಅನ್ಯಾಯವಾಗಿದೆ ಎಂಬುದು ಅದರ ಪ್ರಚಾರದ ಮುಖ್ಯ ವಾದವಾಗಿತ್ತು. ಬಿಳಿಯರಿಗೆ ಮಾತ್ರ ಸದಸ್ಯತ್ವ ನೀಡುವ ಅದರ ನಿಯಮವನ್ನು ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗವು ನ್ಯಾಯಾಲಯದಲ್ಲಿ ಪ್ರಶ್ನಿಸಿತ್ತು. ಇದರಿಂದಾಗಿ ಪಕ್ಷವು 2010ರ ಆರಂಭದಲ್ಲಿ ತನ್ನ ಸಂವಿಧಾನವನ್ನು ತಿದ್ದಬೇಕಾಯಿತು.

ಲೇಬರ್ ಪಕ್ಷವು 2006ರ ಹಿನ್ನಡೆಯ ನಂತರ ಮನೆಮನೆಗೆ ತೆರಳಿ ನಿವಾಸಿಗಳ ದೂರುಗಳನ್ನು ಆಲಿಸುವ ಕಾರ್ಯಕ್ಕೆ ಒತ್ತು ನೀಡಿತು. ಹಾಜ್ ಅವರು ಬೀದಿಬೀದಿಗಳ ನಿವಾಸಿಗಳನ್ನು ಸಣ್ಣ ಸಭೆಗಳಿಗೆ ಆಹ್ವಾನಿಸಿ, ಕಸ, ಬೀದಿ ಸ್ವಚ್ಛತೆ, ನಿಲುಗಡೆಯಂತಹ ದಿನನಿತ್ಯದ ವಿಷಯಗಳನ್ನು ಚರ್ಚಿಸಿದರು. ವಸತಿ ಹಂಚಿಕೆಯಲ್ಲಿ ಹೊಸದಾಗಿ ಬಂದವರಿಗಿಂತ ದೀರ್ಘಕಾಲದ ನಿವಾಸಿಗಳಿಗೆ ಆದ್ಯತೆ ಇರಬೇಕೆಂದು ಅವರು 2007ರಲ್ಲಿ ಬರೆದ ಲೇಖನವು ಬಿಎನ್‌ಪಿಯ ವಾದಕ್ಕೆ ಮಾನ್ಯತೆ ನೀಡುತ್ತದೆಂಬ ಆಕ್ಷೇಪಕ್ಕೆ ಒಳಗಾಗಿತ್ತು.

ಪಕ್ಷಗಳ ಹೊರಗೆ, ಜನಾಂಗದ್ವೇಷ ವಿರೋಧಿ ಸಂಘಟನೆಯಾದ ಹೋಪ್ ನಾಟ್ ಹೇಟ್ ಬರೋದಲ್ಲಿ ವ್ಯಾಪಕ ಪ್ರಚಾರ ಕೈಗೊಂಡಿತು. ಕಾರ್ಮಿಕ ಸಂಘಗಳು ಮತ್ತು ವಿವಿಧ ಧರ್ಮಗಳ ಸಂಸ್ಥೆಗಳ ನೆರವಿನಿಂದ ನೂರಾರು ಸ್ವಯಂಸೇವಕರು ಕರಪತ್ರ ಹಂಚಿದರು ಮತ್ತು ಮತ ಚಲಾಯಿಸುವಂತೆ ನಿವಾಸಿಗಳನ್ನು ಒತ್ತಾಯಿಸಿದರು. ಈ ಚುನಾವಣಾ ಹೋರಾಟವನ್ನು ಕುರಿತು ಲಾರಾ ಫೇರಿ ಅವರು ‘ದಿ ಬ್ಯಾಟಲ್ ಫಾರ್ ಬಾರ್ಕಿಂಗ್’ ಎಂಬ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದ್ದಾರೆ.

ಫಲಿತಾಂಶ

ಕೌನ್ಸಿಲಿನಲ್ಲಿ ಪಕ್ಷಗಳ ಬಲಾಬಲ ಹೀಗಿತ್ತು:

- ಲೇಬರ್ ಪಕ್ಷ: 2006ರಲ್ಲಿ 38, 2010ರಲ್ಲಿ 51
- ಬ್ರಿಟಿಷ್ ನ್ಯಾಷನಲ್ ಪಾರ್ಟಿ: 2006ರಲ್ಲಿ 12, 2010ರಲ್ಲಿ 0
- ಕನ್ಸರ್ವೇಟಿವ್ ಪಕ್ಷ: 2006ರಲ್ಲಿ 1, 2010ರಲ್ಲಿ 0

ಬಾರ್ಕಿಂಗ್ ಸಂಸತ್ ಕ್ಷೇತ್ರದಲ್ಲಿ ಮಾರ್ಗರೆಟ್ ಹಾಜ್ 24,628 ಮತಗಳನ್ನು (ಶೇಕಡಾ 54.3) ಪಡೆದು 16,555 ಮತಗಳ ಅಂತರದಿಂದ ಗೆದ್ದರು. ಕನ್ಸರ್ವೇಟಿವ್ ಅಭ್ಯರ್ಥಿಗೆ 8,073 ಮತಗಳು ದೊರೆತವು. ನಿಕ್ ಗ್ರಿಫಿನ್ 6,620 ಮತಗಳೊಂದಿಗೆ (ಶೇಕಡಾ 14.6) ಮೂರನೆಯ ಸ್ಥಾನ ಪಡೆದರು.

ವಿಶ್ಲೇಷಣೆ

ಸ್ಥಾನಗಳ ಲೆಕ್ಕದಲ್ಲಿ ಬಿಎನ್‌ಪಿಯ ಸೋಲು ಸಂಪೂರ್ಣವಾಗಿದ್ದರೂ, ಅದರ ಬೆಂಬಲಿಗರು ಒಮ್ಮೆಗೇ ಮಾಯವಾದರೆಂದು ಇದರಿಂದ ತಿಳಿಯಲಾಗದು. ಬಾರ್ಕಿಂಗ್ ಸಂಸತ್ ಕ್ಷೇತ್ರದ ಅಂಕಿಗಳು ಇದನ್ನು ಸ್ಪಷ್ಟಪಡಿಸುತ್ತವೆ. 2005ಕ್ಕೂ 2010ಕ್ಕೂ ನಡುವೆ ಕ್ಷೇತ್ರದ ಗಡಿಗಳು ಬದಲಾಗಿದ್ದುದರಿಂದ ಹೋಲಿಕೆ ನಿಖರವಲ್ಲ. ಆದರೂ ಪಕ್ಷದ ಮತಗಳು 4,916ರಿಂದ 6,620ಕ್ಕೆ ಏರಿದವು, ಮತಪ್ರಮಾಣ ಮಾತ್ರ ಶೇಕಡಾ 16.9ರಿಂದ ಶೇಕಡಾ 14.6ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಹಾಜ್ ಅವರ ಮತಗಳು 13,826ರಿಂದ 24,628ಕ್ಕೆ ಏರಿದವು. ಅಂದರೆ ನಿರ್ಣಾಯಕವಾದದ್ದು ಇತರ ಮತದಾರರು ಹೆಚ್ಚಿನ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದದ್ದು.

ಇದಕ್ಕೆ ಪ್ರಚಾರದ ಜೊತೆಗೆ ಸಾರ್ವತ್ರಿಕ ಚುನಾವಣೆಯೂ ಕಾರಣವಾಯಿತು. ಬ್ರಿಟನ್ನಿನಲ್ಲಿ ಸ್ಥಳೀಯ ಚುನಾವಣೆ ಪ್ರತ್ಯೇಕವಾಗಿ ನಡೆದಾಗ ಮತದಾನದ ಪ್ರಮಾಣ ಕಡಿಮೆಯಿರುತ್ತದೆ. 2006ರಲ್ಲಿ ಹಾಗೆಯೇ ನಡೆದಿತ್ತು. ಮತದಾನ ಕಡಿಮೆಯಿದ್ದಾಗ ಹಟತೊಟ್ಟು ಬರುವ ಸಣ್ಣ ಗುಂಪಿನ ತೂಕ ಹೆಚ್ಚುತ್ತದೆ. 2010ರಲ್ಲಿ ಎರಡೂ ಚುನಾವಣೆಗಳು ಒಂದೇ ದಿನ ನಡೆದುದರಿಂದ ಆ ಅನುಕೂಲ ಬಿಎನ್‌ಪಿಗೆ ಉಳಿಯಲಿಲ್ಲ. 2006ರಲ್ಲಿ 13 ಅಭ್ಯರ್ಥಿಗಳಲ್ಲಿ 12 ಮಂದಿಯನ್ನು ಗೆಲ್ಲಿಸಿದ್ದ ಮೂರು ಸದಸ್ಯರ ವಾರ್ಡು ಪದ್ಧತಿಯೇ ಈ ಬಾರಿ ಅದನ್ನು ಶೂನ್ಯಕ್ಕೆ ಇಳಿಸಿತು.

ಇದೇ ಪದ್ಧತಿಯ ಇನ್ನೊಂದು ಪರಿಣಾಮವೆಂದರೆ, ಲೇಬರ್‌ಗೆ ಮತ ನೀಡದ ಸಾವಿರಾರು ನಿವಾಸಿಗಳಿಗೆ ಕೌನ್ಸಿಲಿನಲ್ಲಿ ಪ್ರತಿನಿಧಿಯೇ ಇಲ್ಲದಂತಾಯಿತು. ನೆರೆಯ ನ್ಯೂಹ್ಯಾಮ್ ಬರೋದಲ್ಲಿಯೂ ಅದೇ ದಿನ ಲೇಬರ್ ಪಕ್ಷ ಎಲ್ಲ 60 ಸ್ಥಾನಗಳನ್ನು ಗೆದ್ದಿತು. ವಿರೋಧ ಪಕ್ಷವಿಲ್ಲದ ಕೌನ್ಸಿಲಿನಲ್ಲಿ ಆಯವ್ಯಯ ಮತ್ತು ನಿರ್ಧಾರಗಳ ಪರಿಶೀಲನೆಯ ಹೊಣೆ ಆಳುವ ಪಕ್ಷದ ಹಿಂದಿನ ಸಾಲಿನ ಸದಸ್ಯರ ಮೇಲೆಯೇ ಬೀಳುತ್ತದೆ.

ನಂತರದ ಬೆಳವಣಿಗೆಗಳು

ದೇಶದ ಇತರೆಡೆಗಳಲ್ಲಿಯೂ 2010ರಲ್ಲಿ ಬಿಎನ್‌ಪಿ ಕೌನ್ಸಿಲ್ ಸ್ಥಾನಗಳನ್ನು ಕಳೆದುಕೊಂಡಿತು. ಆ ನಂತರ ಅದು ಒಳಜಗಳಗಳಿಂದ ಕ್ಷೀಣಿಸಿತು. 2014ರಲ್ಲಿ ಗ್ರಿಫಿನ್ ಯುರೋಪಿಯನ್ ಸಂಸತ್ತಿನ ಸ್ಥಾನವನ್ನೂ ಪಕ್ಷದ ನಾಯಕತ್ವವನ್ನೂ ಕಳೆದುಕೊಂಡು, ಅದೇ ವರ್ಷ ಪಕ್ಷದಿಂದ ಉಚ್ಚಾಟಿತರಾದರು.

ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್‌ನಲ್ಲಿ 2014, 2018 ಮತ್ತು 2022ರ ಚುನಾವಣೆಗಳಲ್ಲಿಯೂ ಲೇಬರ್ ಪಕ್ಷ ಎಲ್ಲ 51 ಸ್ಥಾನಗಳನ್ನು ಗೆದ್ದಿತು. 2014ರಲ್ಲಿ ಯುಕೆ ಇಂಡಿಪೆಂಡೆನ್ಸ್ ಪಾರ್ಟಿ ಗಣನೀಯ ಪ್ರಮಾಣದ ಮತಗಳನ್ನು ಪಡೆದರೂ ಒಂದು ಸ್ಥಾನವನ್ನೂ ಗಳಿಸಲಿಲ್ಲ. 2016ರ ಜನಮತಗಣನೆಯಲ್ಲಿ ಲಂಡನ್ನಿನ ಬಹುತೇಕ ಬರೋಗಳು ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುವುದರ ಪರವಾಗಿ ನಿಂತಾಗ, ಒಕ್ಕೂಟವನ್ನು ತೊರೆಯಬೇಕೆಂದು ಬಹುಮತದಿಂದ ಹೇಳಿದ ಐದು ಬರೋಗಳಲ್ಲಿ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್ ಒಂದಾಗಿತ್ತು.