ಡ್ರೈವ್ ಬೇ: ಖಾಲಿ ಖಾನೆಗಳ ಬಳಕೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಡ್ರೈವ್‌ಗಳನ್ನು ಕೂರಿಸುವ ಖಾನೆ. ಡಿವಿಡಿ ಡ್ರೈವಿನದು 5.25 ಇಂಚಿನ ಖಾನೆ, ಹಾರ್ಡ್‌ಡಿಸ್ಕಿನದು 3.5 ಇಂಚಿನದು. ಈ ಇಂಚುಗಳು ಹಳೆಯ ಫ್ಲಾಪಿಗಳ ಅಳತೆ, 5.25 ಇಂಚಿನ ಖಾನೆಯ ನಿಜವಾದ ಅಗಲ ಸುಮಾರು 146 ಮಿ.ಮೀ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ಊರುಗಳ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊಗಳಿಗೆ ಖಾಲಿ ಖಾನೆಯ ಅತ್ಯುತ್ತಮ ಉಪಯೋಗ ಎರಡನೆಯ ಡಿಸ್ಕ್. ಹಾರ್ಡ್‌ಡಿಸ್ಕನ್ನು ಮದುವೆ ಫೋಟೊಗಳಿಗೆ ಬಿಟ್ಟು, ವಿಂಡೋಸನ್ನು 2.5 ಇಂಚಿನ ಎಸ್‌ಎಸ್‌ಡಿಗೆ ಹಾಕಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ಎಸ್‌ಎಸ್‌ಡಿಯ ಅಗಲ 69.85 ಮಿ.ಮೀ. ಮಾತ್ರ; ಖಾನೆಗೆ ಹೊಂದಿಸಲು ಅಡಾಪ್ಟರ್ ತಟ್ಟೆ ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲದ್ದರಿಂದ ಒಂದೆರಡು ಸ್ಕ್ರೂ ಬಿಗಿದರೂ ಸಾಕು. ಮದರ್‌ಬೋರ್ಡಿನಲ್ಲಿ ಸಾಟಾ ಪೋರ್ಟ್, ಎಸ್‌ಎಂಪಿಎಸ್‌ನಲ್ಲಿ ಪವರ್ ಕನೆಕ್ಟರ್ ಖಾಲಿ ಇವೆಯೇ ಎಂದು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು.

ಒಂದೇ ಕ್ಯಾಬಿನೆಟ್ಟಿನ ಎರಡನೆಯ ಡಿಸ್ಕನ್ನು ಬ್ಯಾಕಪ್ ಎಂದು ನಂಬಬಾರದು. ಮುಂಗಾರಿಗೆ ಮುಂಚಿನ ಸಿಡಿಲಿಗೆ ವಿದ್ಯುತ್ ಏರಿಳಿದರೆ ಎರಡೂ ಒಟ್ಟಿಗೇ ಸುಟ್ಟುಹೋಗಬಹುದು. ಡಿವಿಡಿ ಖಾನೆಗೆ ಹಾಟ್‌ಸ್ವ್ಯಾಪ್ ರ‍್ಯಾಕ್ ಹಾಕಿಸಿದರೆ ಸಂಜೆ ಅಂಗಡಿ ಮುಚ್ಚುವಾಗ ಡಿಸ್ಕನ್ನು ಎಳೆದು ಮನೆಗೆ ಒಯ್ಯಬಹುದು.

ಕಾರ್ಡ್ ರೀಡರ್, ಯುಎಸ್‌ಬಿ ಪ್ಯಾನೆಲ್‌ಗಳೂ ಇಲ್ಲಿ ಕೂರುತ್ತವೆ. ಏನೂ ಹಾಕದ ಖಾನೆಯ ಮುಂಭಾಗದ ಮುಚ್ಚಳವನ್ನು ಮಾತ್ರ ಕಳಚಿಡಬಾರದು. ಧೂಳಿನ ಜೊತೆಗೆ ಹಲ್ಲಿ, ಜಿರಳೆಗಳೂ ಒಳಸೇರುತ್ತವೆ.