ದಂಡಿನಿಂದ ಬಂದವರ ಯಲಹಂಕ

ಯುದ್ಧದಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಬೆಂಗಳೂರಿನ ಉತ್ತರ ಸೀಮೆಯ ಹಳೇ ರೂಢಿ. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಊರಿನ ಮೇಲೆ ಬಂದ ದಾಳಿಯನ್ನು ತಡೆಯುತ್ತ ಸತ್ತ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿದೆ. 2018ರಲ್ಲಿ ಕಣ್ಣಿಗೆ ಬಿದ್ದ ಮೇಲೆ ಅದರ ಬೆಲೆ ಗೊತ್ತಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕ ಆರ್.ಟಿ. ನಗರಕ್ಕೆ ಸಮೀಪದ ಜೆ.ಸಿ. ನಗರದಲ್ಲಿದೆ. ಬದುಕಿ ಬಂದವರಿಗೆ ಕಲ್ಲಿಲ್ಲ. ಅವರಿಗೆ ಬೇಕಿದ್ದುದೂ ಕಲ್ಲಲ್ಲ, ಕೆಲಸ.

ಎರಡನೇ ಮಹಾಯುದ್ಧ ಮುಗಿಸಿ ನಮ್ಮಪ್ಪ ಬರ್ಮಾ ಕಡೆಯಿಂದ 1946ರಲ್ಲಿ ಯಲಹಂಕಕ್ಕೆ ಮರಳಿದ. ಕೆಂಪೇಗೌಡರ ಮನೆತನದ ನೆಲೆ ಎಂದು ಹೆಸರಾದ ಊರು ಅವನು ದಂಡಿಗೆ ಹೋಗಿದ್ದಾಗಲೇ ಬದಲಾಗಿತ್ತು. ಊರಾಚೆಯ ಬಯಲಿನಲ್ಲಿ ಬ್ರಿಟಿಷರ ವಿಮಾನಗಳು ಇಳಿದು ಏರುತ್ತಿದ್ದವು. 1944ರಲ್ಲಿ ಅವರ 45ನೇ ಸ್ಕ್ವಾಡ್ರನ್ ಹಳೆಯ ವಿಮಾನ ಬಿಟ್ಟು 'ಮೊಸ್ಕಿಟೊ' ಹಾರಿಸಲು ಕಲಿತದ್ದು ಇಲ್ಲೇ. ಮೊಸ್ಕಿಟೊ ಮರದ ವಿಮಾನ. ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು. ಬಿಸಿಲು ಮಳೆಗೆ ಅಂಟು ಬಿಟ್ಟುಕೊಳ್ಳುತ್ತಿದೆ ಎಂಬ ಅನುಮಾನದಿಂದ, ಅದೇ ವರ್ಷದ ಕೊನೆಗೆ ಹಾರಾಟವನ್ನೇ ನಿಲ್ಲಿಸಿ ಒಂದೊಂದನ್ನೂ ತಪಾಸಣೆ ಮಾಡಬೇಕಾಯಿತು. ನಮ್ಮೂರ ಬಡಗಿಯನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದ.

ಅಪ್ಪನಿಗೆ ಆ ಬಯಲಿನಲ್ಲೇ ಕಾವಲಿನ ಕೆಲಸ ಸಿಕ್ಕಿತು, ಟೆಂಪ್ರವರಿ. ಅಷ್ಟು ಹೊತ್ತಿಗೆ ವಿಮಾನಗಳು ಹೊರಟುಹೋಗಿದ್ದವು. ಉಳಿದದ್ದು ತಗಡು, ಟಾರ್ಪಾಲು, ಖಾಲಿ ಪೀಪಾಯಿ, ಕಬ್ಬಿಣದ ಮಂಚ. ರಾತ್ರಿಯೆಲ್ಲ ಲಾಟೀನು ಹಿಡಿದು ಅವನ್ನು ಕಾಯುವುದು, ಬೆಳಗ್ಗೆ ಹರಾಜಿನವರು ಬಂದು ಲಾರಿಗೆ ಏರಿಸುವುದು. ಕಾದಷ್ಟೂ ಸಾಮಾನು ಕರಗುತ್ತಿತ್ತು. ಕಳ್ಳರ ಕೈಗೆ ಒಂದು ತಗಡೂ ಸಿಗದ ಹಾಗೆ ನೋಡಿಕೊಂಡ ಎಂಬ ಹೆಮ್ಮೆ ಅವನಿಗೆ ಕೊನೆವರೆಗೂ ಇತ್ತು. ಆದರೆ ಕೊನೆಯ ಲಾರಿ ಹೋದ ದಿನ ಕಾಯಲು ಏನೂ ಉಳಿಯಲಿಲ್ಲ, ಕೆಲಸವೂ ಹೋಯಿತು. ಕೆಲವೇ ತಿಂಗಳ ಮಾತು. "ಬರ್ಮಾದಲ್ಲಿ ಜಪಾನಿಯರ ಕೈಲಿ ಆಗದ್ದನ್ನ ಯಲಹಂಕದ ಗುಜರಿಯೋರು ಮಾಡಿದ್ರು, ನನ್ನ ಮನೆಗೆ ಕಳಿಸಿದ್ರು" ಎಂದು ನಗುತ್ತಿದ್ದ. ಅವ್ವ ಮಾತ್ರ ನಗುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಅಂಗಡಿ ಸಾಲ ತೀರಿಸುವ ಲೆಕ್ಕ ಹಾಕಿದ್ದವಳು ಅವಳು.

ಆಮೇಲೆ ಅಪ್ಪ ರಾಗಿ ಹೊಲಕ್ಕೇ ಇಳಿದ. ಅತ್ತ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಹುಟ್ಟಿದವು. 1963ರಲ್ಲಿ ಯಲಹಂಕದ ಬಯಲಿಗೆ ವಾಯುಪಡೆ ಬಂತು. ಕಾರ್ಖಾನೆಯ ಸೈರನ್ನಿಗೆ ಸೈಕಲ್ ಏರುವ ಹೊಸ ತಲೆಮಾರೊಂದು ಸುತ್ತಲ ಹಳ್ಳಿಗಳಲ್ಲಿ ಬೆಳೆಯಿತು. ಈ ಭಾಗದ ಚರಿತ್ರೆಯನ್ನು ಕೋಟೆ ಕೆರೆಗಳಿಂದ ಬರೆಯುವವರು ಆ ಸೈಕಲ್ಲುಗಳನ್ನು ಮರೆಯುತ್ತಾರೆ.

1961ರಲ್ಲಿ ಎಚ್‌ಎಂಟಿ ಕೈಗಡಿಯಾರ ಮಾಡಲು ಶುರುಮಾಡಿತು. ಮುಂದೆ ನಮ್ಮಣ್ಣ ಅಲ್ಲಿ ಕೆಲಸಕ್ಕೆ ಸೇರಿದ ದಿನ, ಅಪ್ಪ ಸಂಬಳ ಎಷ್ಟು ಅಂತ ಕೇಳಲಿಲ್ಲ.

"ಖಾಯಮ್ಮೋ, ಟೆಂಪ್ರವರಿನೋ?" ಎಂದ.

ಅಣ್ಣ ಆರ್ಡರಿನ ಕಾಗದ ತೋರಿಸಿದ ಮೇಲೇ ಊಟಕ್ಕೆ ಕೂತ.