ಡ್ರೆಸ್ಡೆನ್ ದಹನ: ಸತ್ತವರೆಷ್ಟು ಮಂದಿ?

ಎರಡನೆಯ ಮಹಾಯುದ್ಧದ ಕುರಿತು ಓದುವ ಹವ್ಯಾಸವುಳ್ಳ ವಾಚಕರಿಗೆ ಜರ್ಮನಿಯ ಡ್ರೆಸ್ಡೆನ್ ನಗರದ ಹೆಸರು ಹೊಸದೇನಲ್ಲ. ಎಲ್ಬೆ ನದಿಯ ದಂಡೆಯ ಮೇಲಿನ ಈ ನಗರ ತನ್ನ ಅರಮನೆ, ಇಗರ್ಜಿ, ಚಿತ್ರಶಾಲೆಗಳಿಗೆ ಹೆಸರಾದುದು. 1945ರ ಫೆಬ್ರವರಿ 13ರ ರಾತ್ರಿ ಸುಮಾರು 800 ಬ್ರಿಟಿಷ್ ವಿಮಾನಗಳು ಮೂರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಬಂದು ಅದರ ಮೇಲೆ ಬಾಂಬಿನ ಮಳೆಗರೆದವು. ಅವುಗಳಲ್ಲಿ ಬೆಂಕಿ ಹಚ್ಚುವ ಬಾಂಬುಗಳೇ ಸಾವಿರ ಟನ್ನಿಗೂ ಹೆಚ್ಚು. ಮಾರನೆಯ ಎರಡು ದಿನ ಹಗಲಿನಲ್ಲಿ ಅಮೆರಿಕದ ವಿಮಾನಗಳು ಬಂದವು. ಬೇರೆಬೇರೆ ಬೀದಿಗಳಲ್ಲಿ ಹೊತ್ತಿದ ಬೆಂಕಿ ಒಂದಾಗಿ, ಸುತ್ತಣ ಗಾಳಿಯನ್ನೆಲ್ಲ ಸೆಳೆದುಕೊಂಡು ಬಿರುಗಾಳಿಯಂತೆ ಭುಗಿಲೆದ್ದಿತು. ನೆಲಮಾಳಿಗೆಗಳಲ್ಲಿ ಆಶ್ರಯ ಪಡೆದವರು ಅಲ್ಲಿಯೇ ಉಸಿರುಗಟ್ಟಿ ಸತ್ತರು.

ಇಷ್ಟರಮಟ್ಟಿಗೆ ಯಾರದೂ ತಕರಾರಿಲ್ಲ. ಆದರೆ ಸತ್ತವರೆಷ್ಟು ಎಂದು ಕೇಳಿದರೆ ಒಂದೊಂದು ಪುಸ್ತಕ ಒಂದೊಂದು ಉತ್ತರ ಹೇಳುತ್ತದೆ. ಒಂದರಲ್ಲಿ 25,000, ಇನ್ನೊಂದರಲ್ಲಿ 1,35,000, ಮತ್ತೊಂದರಲ್ಲಿ 2 ಲಕ್ಷಕ್ಕೂ ಮಿಗಿಲು. ಒಂದೇ ಊರು, ಒಂದೇ ದುರಂತ. ಲೆಕ್ಕದಲ್ಲಿ ಮಾತ್ರ ಹತ್ತರಷ್ಟು ಅಂತರ! ಇದು ಹೇಗಾಯಿತು, ನಿಜವನ್ನು ಹೇಗೆ ಕಂಡುಹಿಡಿದರು ಎಂಬುದು ತಿಳಿಯತಕ್ಕ ಸಂಗತಿ.

ದೊಡ್ಡ ಅಂಕಿಯ ಹುಟ್ಟು ಯುದ್ಧದ ಕಾಲದಲ್ಲಿಯೇ ಆಯಿತು. ಸೋಲಿನ ಅಂಚಿನಲ್ಲಿದ್ದ ಹಿಟ್ಲರನ ಸರಕಾರಕ್ಕೆ ಶತ್ರುಗಳ ಕ್ರೌರ್ಯವನ್ನು ಜಗತ್ತಿಗೆ ಸಾರಬೇಕಾಗಿತ್ತು. ತಟಸ್ಥ ದೇಶಗಳಿಗೆ ಹಬ್ಬಿಸಿದ ಸುದ್ದಿಯ ಫಲವಾಗಿ ಅದೇ ತಿಂಗಳು ಸ್ವೀಡನ್ನಿನ ಪತ್ರಿಕೆಯಲ್ಲಿ 2 ಲಕ್ಷದ ಮಾತು ಬಂದಿತು. ಯುದ್ಧ ಮುಗಿದ ಮೇಲೆ, 1963ರಲ್ಲಿ, ಡೇವಿಡ್ ಇರ್ವಿಂಗ್ ಎಂಬ ಇಂಗ್ಲಿಷ್ ಲೇಖಕರು ಡ್ರೆಸ್ಡೆನ್ ಕುರಿತು ಬರೆದ ಪುಸ್ತಕದಲ್ಲಿ 1,35,000 ಎಂದರು. ಅದಕ್ಕೆ ಮುಖ್ಯ ಆಧಾರ, ಕಾಣೆಯಾದವರ ವಿಚಾರಣೆಯ ಕಛೇರಿಯಲ್ಲಿದ್ದ ಒಬ್ಬರು ಬಹುಕಾಲದ ಮೇಲೆ ನೆನಪಿನಿಂದ ಹೇಳಿದ ಅಂದಾಜು. ಪುಸ್ತಕ ಬಹಳ ಮಾರಾಟವಾಯಿತು. ಆ ದಾಳಿಯ ವೇಳೆ ಡ್ರೆಸ್ಡೆನ್ನಿನಲ್ಲಿ ಯುದ್ಧ ಕೈದಿಯಾಗಿದ್ದ ಅಮೆರಿಕದ ಕಾದಂಬರಿಕಾರ ಕರ್ಟ್ ವೊನೆಗಟ್ ಕೂಡ 1969ರ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಇದೇ ಅಂಕಿಯನ್ನು ಬಳಸಿದರು. ಹೀಗೆ ಒಂದು ಅಂದಾಜು ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಸತ್ಯದ ಪಟ್ಟವೇರಿತು.

ಮುಂದಿನ ಕಥೆ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಅರ್ಥವಾಗುವಂಥದು. 'ದಿನದ ಆಜ್ಞೆ 47' ಎಂಬ ಪೊಲೀಸ್ ಕಾಗದದ ನಕಲೊಂದು ಇರ್ವಿಂಗರ ಕೈಸೇರಿತು. ಅದರಲ್ಲಿ ಮೂರು ಅಂಕಿಗಳಿದ್ದವು: ಸಿಕ್ಕಿದ ಹೆಣಗಳು 2,02,040; ಒಟ್ಟು ನಿರೀಕ್ಷಿತ ಸಂಖ್ಯೆ 2,50,000; ಸಾಮೂಹಿಕವಾಗಿ ಸುಟ್ಟ ಹೆಣಗಳು 68,650. ಅದು ಮೂಲ ಕಾಗದವಲ್ಲ, ಬೆರಳಚ್ಚು ಮಾಡಿದ ನಕಲು. ಅದರ ಮೇಲೆ ಮೊಹರಿರಲಿಲ್ಲ, ಅಧಿಕಾರಿಯ ರುಜುವಿರಲಿಲ್ಲ.

1965-66ರ ಸುಮಾರಿಗೆ ಎರಡು ನಿಜವಾದ ವರದಿಗಳು ಬೆಳಕಿಗೆ ಬಂದವು. ಮೊದಲನೆಯದು ಡ್ರೆಸ್ಡೆನ್ ಪೊಲೀಸರು 1945ರ ಮಾರ್ಚ್ 15ರಂದು ಬರೆದದ್ದು. ಮಾರ್ಚ್ 10ರ ತನಕ ಸಿಕ್ಕಿದ ಹೆಣಗಳು 18,375, ಒಟ್ಟು ಸುಮಾರು 25,000 ಆಗಬಹುದು ಎಂದು ಅದರಲ್ಲಿದೆ. ಎರಡನೆಯದು ಬರ್ಲಿನ್ನಿನ ಪೊಲೀಸ್ ಮುಖ್ಯ ಕಛೇರಿಯ ಮಾರ್ಚ್ 22ರ ವರದಿ. ಅದರಲ್ಲಿ ಸಿಕ್ಕಿದ ಹೆಣಗಳು 20,204. ನಿರೀಕ್ಷಿತ ಸಂಖ್ಯೆ 25,000. ಸುಟ್ಟ ಹೆಣಗಳು 6,865. ವಾಚಕರು ಈ ಮೂರು ಅಂಕಿಗಳನ್ನು ಹಿಂದಿನ ಮೂರರ ಪಕ್ಕದಲ್ಲಿಟ್ಟು ನೋಡಬೇಕು. ಪ್ರತಿಯೊಂದರ ಬಾಲಕ್ಕೂ ಯಾರೋ ಒಂದು ಸೊನ್ನೆ ಅಂಟಿಸಿದ್ದಾರೆ! ಒಂದು ಅಂಕಿಯಲ್ಲಿ ಸೊನ್ನೆ ಹೆಚ್ಚಾದರೆ ಕೈತಪ್ಪು ಎನ್ನಬಹುದು. ಮೂರರಲ್ಲೂ ಹೆಚ್ಚಾದರೆ ಅದು ಬೇಕೆಂದೇ ಮಾಡಿದ ತಿದ್ದುಪಡಿ. 1966ರ ಜುಲೈಯಲ್ಲಿ ಇರ್ವಿಂಗರೇ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಹೊಸ ದಾಖಲೆಯ ವಿಷಯ ತಿಳಿಸಿದರು. ಆದರೂ ಮುಂದಿನ ವರ್ಷಗಳಲ್ಲಿ ಅವರ ಬರಹಗಳಲ್ಲಿ ದೊಡ್ಡ ಅಂಕಿಗಳು ಮತ್ತೆ ತಲೆಯೆತ್ತಿದವು. 1977ರಲ್ಲಿ ಗ್ಯೋಟ್ಸ್ ಬೆರ್ಗಾಂಡರ್ ಎಂಬ ಜರ್ಮನ್ ಪತ್ರಕರ್ತರು 'ದಿನದ ಆಜ್ಞೆ 47'ರ ಸೊನ್ನೆ ಸೇರದ ಪ್ರತಿಯ ಸುಳಿವನ್ನೂ ಹೊರತೆಗೆದರು. 2000ದಲ್ಲಿ ಲಂಡನ್ ನ್ಯಾಯಾಲಯದ ಮುಂದೆ ಈ ವಿಷಯವೂ ಬಂದಾಗ, ಲಕ್ಷ ದಾಟಿದ ಅಂಕಿಗಳಿಗೆ ಆಧಾರವಿಲ್ಲವೆಂದೇ ತೀರ್ಪಾಯಿತು.

ದಾಖಲೆಯ ಮಾತು ಬಿಟ್ಟು ಬರಿಯ ಗಣಿತದಿಂದಲೂ ಇದನ್ನು ಪರೀಕ್ಷಿಸಬಹುದು. ಊರ ನಡುವಿನ ಹಳೆಯ ಮಾರುಕಟ್ಟೆ ಚೌಕದಲ್ಲಿ ಕಬ್ಬಿಣದ ತೊಲೆಗಳ ಮೇಲೆ ಹೆಣಗಳನ್ನು ಒಟ್ಟಿ ಸುಟ್ಟದ್ದು ಹೆಚ್ಚುಕಡಿಮೆ ಎರಡು ವಾರಗಳ ಕಾಲ. 6,865 ಎಂದರೆ ದಿನಕ್ಕೆ ಸುಮಾರು 500. ಭೀಕರವಾದರೂ ಆಗಬಹುದಾದ ಕೆಲಸ. 68,650 ಎಂದರೆ ದಿನಕ್ಕೆ ಸುಮಾರು 5,000! ಇಂಧನ, ಗಾಡಿ, ಆಳುಗಳಿಗೆ ತತ್ವಾರವಿದ್ದ ಆ ಹಾಳೂರಿನಲ್ಲಿ ಇದು ನಂಬತಕ್ಕ ಮಾತೇ? ಇನ್ನೊಂದು ಲೆಕ್ಕ: ಯುದ್ಧ ಮುಗಿದಂದಿನಿಂದ 1966ರ ತನಕ ಅವಶೇಷಗಳನ್ನು ತೆಗೆಯುವಾಗ ಸಿಕ್ಕಿದ ಹೆಣಗಳು 1,858. ಲಕ್ಷಗಟ್ಟಲೆ ಜನ ಸತ್ತಿದ್ದರೆ ಉಳಿದವರೆಲ್ಲ ಎಲ್ಲಿ ಹೋದರು?

ಬೆಂಕಿಯಲ್ಲಿ ಗುರುತಿಲ್ಲದಂತೆ ಕರಗಿಹೋದರು ಎಂಬುದು ದೊಡ್ಡ ಅಂಕಿಯವರ ಉತ್ತರ. ಇದನ್ನೂ ಪರೀಕ್ಷಿಸಿಯೇ ಬಿಡೋಣವೆಂದು ಡ್ರೆಸ್ಡೆನ್ ನಗರಾಡಳಿತ 2004ರಲ್ಲಿ ಇತಿಹಾಸಕಾರರ ಆಯೋಗವೊಂದನ್ನು ನೇಮಿಸಿತು. ರೋಲ್ಫ್-ಡೀಟರ್ ಮ್ಯುಲ್ಲರ್ ಅದರ ಅಧ್ಯಕ್ಷರು. ಸ್ಮಶಾನಗಳ ರಿಜಿಸ್ಟರು, ಮರಣ ನೋಂದಣಿ, ಕಾಣೆಯಾದವರನ್ನು ಮೃತರೆಂದು ಸಾರಿದ ನ್ಯಾಯಾಲಯಗಳ ಕಡತ, ಎಲ್ಲವನ್ನೂ ಹೆಸರು ಹೆಸರಾಗಿ ತಾಳೆನೋಡಿದರು. ನೆಲಮಾಳಿಗೆಗಳನ್ನು ಅಗೆದಾಗ ದೊರೆತ ಸಾಕ್ಷ್ಯವನ್ನು ಪರಿಶೀಲಿಸಿದರು. ಅಷ್ಟೊಂದು ಜನ ಗುರುತಿಲ್ಲದೆ ಬೂದಿಯಾದದ್ದಕ್ಕೆ ಪುರಾವೆ ಸಿಗಲಿಲ್ಲ. 2010ರ ಅಂತಿಮ ವರದಿಯ ಪ್ರಕಾರ ಸತ್ತವರು ಕನಿಷ್ಠ 22,700, ಗರಿಷ್ಠ 25,000. ಎಂದರೆ, ಉರಿಯುವ ಊರಿನ ನಡುವೆ ಕುಳಿತು 1945ರಲ್ಲಿ ಆ ಪೊಲೀಸ್ ಗುಮಾಸ್ತರು ಬರೆದಿಟ್ಟ ಲೆಕ್ಕವೇ 65 ವರ್ಷಗಳ ಮೇಲೂ ನಿಂತಿತು. ಅವರು ಬರೆದದ್ದು ಮೇಲಿನ ಕಛೇರಿಯ ಉಪಯೋಗಕ್ಕಾಗಿ, ಪತ್ರಿಕೆಗಳಿಗಾಗಿ ಅಲ್ಲ. ಹಿಗ್ಗಿಸುವ ಪ್ರಮೇಯ ಅವರಿಗೆ ಇರಲಿಲ್ಲ.

ಆಯೋಗಕ್ಕೆ ಇದಕ್ಕಿಂತ ಕಷ್ಟದ ಪ್ರಶ್ನೆಯೊಂದು ಎದುರಾಯಿತು. ವಿಮಾನಗಳು ಕೆಳಗಿಳಿದು, ನದಿಯ ಬಯಲಿಗೆ ಓಡಿ ಬಂದವರನ್ನು ಮೆಷಿನ್‌ಗನ್ನಿನಿಂದ ಕೊಂದವು ಎಂದು ಬದುಕುಳಿದ ಅನೇಕರು ಹೇಳಿದ್ದರು. ಕಣ್ಣಾರೆ ಕಂಡವರ ಮಾತನ್ನು ಹೇಗೆ ತಳ್ಳಿಹಾಕುವುದು? ಬೆರ್ಗಾಂಡರ್, ಆಮೇಲೆ ಹೆಲ್ಮುಟ್ ಶ್ನಾಟ್ಸ್, ವಾಯುಪಡೆಗಳ ಹಾರಾಟದ ದಾಖಲೆಗಳನ್ನು ಶೋಧಿಸಿದರು. ಅಂಥ ದಾಳಿಯ ಸುಳಿವಿಲ್ಲ. ಎಲ್ಬೆಯ ಹುಲ್ಲುಗಾವಲಿನಲ್ಲಿ ಗುಂಡುಗಳಿಗಾಗಿ ಹುಡುಕಿದರು. ಅಲ್ಲಿಯೂ ಪುರಾವೆ ಸಿಗಲಿಲ್ಲ. ಹೇಳಿದವರು ಸುಳ್ಳರೆಂದು ಇದರ ಅರ್ಥವಲ್ಲ. ಹೊಗೆ, ಭಯ, ಕಿವಿಗಡಚಿಕ್ಕುವ ಸದ್ದು, ತಲೆಯ ಮೇಲೆ ಹಾರಿಹೋದ ವಿಮಾನ, ಮುಂದೆ ಕೇಳಿದ ಹತ್ತಾರು ಕಥೆ, ಇವೆಲ್ಲ ಬೆರೆತು ನೆನಪು ಬೇರೊಂದು ರೂಪ ತಾಳುವುದುಂಟು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

25,000 ಆದರೇನು, 2 ಲಕ್ಷ ಆದರೇನು, ಸತ್ತವರು ಸತ್ತರು, ಇಷ್ಟೊಂದು ಪರಿಶೀಲನೆ ಯಾಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. 2005ರಲ್ಲಿ ಸ್ಯಾಕ್ಸನಿಯ ಶಾಸನಸಭೆಯಲ್ಲಿ ಉಗ್ರ ಬಲಪಂಥದ ಸದಸ್ಯರು ಡ್ರೆಸ್ಡೆನ್ ದಾಳಿಯನ್ನು ಯೆಹೂದ್ಯರ ನರಮೇಧಕ್ಕೆ ಸಮನೆಂದು ಹೋಲಿಸಿದರು. ಹಿಗ್ಗಿಸಿದ ಅಂಕಿ ಅಂಥವರ ಕೈಗೆ ತಕ್ಕಡಿಯಾಗುತ್ತದೆ. ಒಂದು ತಟ್ಟೆಯಲ್ಲಿ ಈ ಹೆಣಗಳನ್ನಿಟ್ಟು ಇನ್ನೊಂದು ತಟ್ಟೆಯ ಪಾಪವನ್ನು ಹಗುರ ಮಾಡಲು ನೋಡುತ್ತಾರೆ. ಅತ್ತ, ಅಂಕಿ ಇಳಿಯಿತೆಂದು ದಾಳಿ ನಡೆಸಿದವರ ಹೊಣೆ ಇಳಿಯುವುದೂ ಇಲ್ಲ. ಎರಡೇ ದಿನಗಳಲ್ಲಿ 25,000 ಜನ ಎಂದರೆ ನಮ್ಮ ಕಡೆಯ ಒಂದು ಸಣ್ಣ ಪಟ್ಟಣವೇ ಅಳಿದಂತೆ.

ಅಲ್ಲದೆ, ಆಯೋಗದವರು ಕೂಡಿಸಿದ್ದು ಬರಿಯ ಮೊತ್ತವನ್ನಲ್ಲ, ಹೆಸರುಗಳನ್ನು. ಸೊನ್ನೆ ಸೇರಿಸಿ ಹುಟ್ಟಿಸಿದ 1,80,000ಕ್ಕೂ ಮಿಕ್ಕ ಹೆಣಗಳಿಗೆ ಹೆಸರಿರಲಿಲ್ಲ, ಮನೆಯಿರಲಿಲ್ಲ, ಅವರಿಗಾಗಿ ಅತ್ತ ತಾಯಿಯಿರಲಿಲ್ಲ. ರಿಜಿಸ್ಟರಿನ ಒಂದೊಂದು ಸಾಲಿನಲ್ಲಿರುವವರು ಮಾತ್ರ ನಿಜವಾಗಿ ಬದುಕಿದ್ದವರು, ನಿಜವಾಗಿ ಸತ್ತವರು. ಅವರನ್ನು ಸರಿಯಾಗಿ ಎಣಿಸುವುದು ಬದುಕಿರುವವರು ಅವರಿಗೆ ಸಲ್ಲಿಸಬೇಕಾದ ಋಣ.